ಇಲ್ಲದ ಗಂಡಸಿನ ದನಿ

ಕಳೆದ ವಾರ ಮೊಮ್ಮಗಳಿಗೆ ಒಣಕೆಮ್ಮು ಹತ್ತಿತ್ತು. ಅಥಣಿಯ ಪೇಟೆಯಲ್ಲಿ ನಾವು ಯಾವಾಗಲೂ ಹೋಗುವ ಕಿರಾಣಿ ಅಂಗಡಿಯಲ್ಲಿ ಜ್ಯೇಷ್ಠಮಧು ಕೇಳಿದೆ. ಅಂಗಡಿಯವನು ಎರಡು ಕಡ್ಡಿ ಮುರಿದು, ಅದರ ಜೊತೆಗೆ ನಾಲ್ಕು ಲವಂಗ ಹಾಕಿ ಕಾಗದದಲ್ಲಿ ಕಟ್ಟಿಕೊಟ್ಟ. ದಾರಿಯಲ್ಲಿ ಆ ಪೊಟ್ಟಣವನ್ನು ಮೂಗಿಗೆ ಹಿಡಿದೆ. ಸಿಹಿ ಬೇರಿನ ವಾಸನೆ, ಅದರ ಮೇಲೆ ಲವಂಗದ ಘಾಟು. ಮೂರನೆಯದೊಂದು ವಾಸನೆಗಾಗಿ ಮೂಗು ತಾನಾಗಿಯೇ ಹುಡುಕಿತು. ಬೀಡಿಯ ಹೊಗೆ. ಆ ಮೂರೂ ಕೂಡಿದರೆ ನನ್ನ ಮಟ್ಟಿಗೆ ಅಕ್ಕಾವ್ರು ಬಂದು ಪಕ್ಕದಲ್ಲಿ ಕೂತ ಹಾಗೆ...

ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ನಿಪ್ಪಾಣಿಗೂ ಚಿಕ್ಕೋಡಿಗೂ ನಡುವಿನ ಒಂದು ಊರು ಎಂದರೆ ಸಾಕು. ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಹಿರಿಯ ಆಪರೇಟರ್. ನಾನು ಬೇಡಕಿಹಾಳದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ ಹೊಸ ಹುಡುಗಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಜವಾನನಿಂದ ಹಿಡಿದು ಸುಪರ್‌ವೈಸರ್ ಸಾಹೇಬರವರೆಗೆ ಎಲ್ಲರೂ ಅವರನ್ನು ಅಕ್ಕಾವ್ರು ಎಂದೇ ಕರೆಯುತ್ತಿದ್ದರು.

ಆಗ ನಮ್ಮ ಕಡೆ ಫೋನಿಗೆ ಡಯಲ್ ಇರಲಿಲ್ಲ. ಊರಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ದೀಪ ಹೊತ್ತುತ್ತಿತ್ತು. ನಾವು ವೈರಿನ ತುದಿಯನ್ನು ಆ ತೂತಿಗೆ ಚುಚ್ಚಿ “ನಂಬರ್ ಪ್ಲೀಸ್” ಎನ್ನಬೇಕು, ಅವರು ಕೇಳಿದ ನಂಬರಿಗೆ ಇನ್ನೊಂದು ತುದಿ ಚುಚ್ಚಬೇಕು. ಪರ ಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಿಕೊಂಡು, ಸಾಂಗಲಿಯದೋ ಮುಂಬಯಿಯದೋ ಲೈನ್ ಸಿಗುವವರೆಗೆ ಕೂಗಬೇಕು. ತಂಬಾಕಿನ ವ್ಯಾಪಾರಿಗಳು ದಿನವಿಡೀ ಬುಕ್ ಮಾಡುತ್ತಿದ್ದರು. ಗದ್ದಲದ ಲೈನಿನಲ್ಲೂ ಅಕ್ಕಾವ್ರ ಮಾತು ಅಕ್ಷರ ಬಿಡದೆ ದಾಟುತ್ತಿತ್ತು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಅವರದು ನೀಟಾದ ಮಾತು. ಕೊಲ್ಲಾಪುರದ ಬೋರ್ಡಿನವರು ನನ್ನ ದನಿ ಕೇಳಿದರೆ, “ಬಾಯಿ ಇಲ್ಲೇನ್ರಿ?” ಎಂದು ಅಕ್ಕಾವ್ರನ್ನೇ ಕೇಳುತ್ತಿದ್ದರು. ಮರಾಠಿಯವರ ಬಾಯಲ್ಲಿ ಅಕ್ಕಾವ್ರು ‘ಬಾಯಿ’.

ಅಕ್ಕಾವ್ರು ನಿಪ್ಪಾಣಿಯ ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವರು. ತಾಯಿ ಬೀಡಿ ಕಟ್ಟಿಯೇ ಮಗಳನ್ನು ಮ್ಯಾಟ್ರಿಕ್ ಓದಿಸಿದ್ದರು. ಮನೆಯಲ್ಲಿದ್ದ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಬೀಡಿಯನ್ನು ಒಲೆಯ ಕೆಂಡಕ್ಕೆ ಹಿಡಿದು, ಒಂದು ಸಲ ಎಳೆದು, ಹೊತ್ತಿದ್ದು ನೋಡಿ ಅಜ್ಜಿಯ ಕೈಗೆ ಕೊಡುವುದು ಈ ಮೊಮ್ಮಗಳ ಕೆಲಸವಾಗಿತ್ತಂತೆ. ಏಳನೆಯ ವಯಸ್ಸಿನಿಂದ ಹಿಡಿದದ್ದು. ಮುಂದೆ ಅಜ್ಜಿ ಹೋದರು, ಆ ಒಂದು ಎಳೆತ ಉಳಿಯಿತು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ನಡೆಸಿದ್ದರು. ಗಂಡ ಉಗಾರ ಖುರ್ದದ ಸಕ್ಕರೆ ಕಾರಖಾನೆಯಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಬರುವವರು. ಮನೆಯಲ್ಲಿ ಅತ್ತೆ, ಒಬ್ಬ ಮಗಳು, ತೊಟ್ಟಿಲು ಬಿಟ್ಟಿದ್ದ ಮಗ. ಹಾಗಾಗಿ ಸೇದುವುದೆಲ್ಲ ಎಕ್ಸ್‌ಚೇಂಜಿನಲ್ಲೇ, ಡೀಸೆಲ್ ಇಂಜಿನ್ ಇಟ್ಟ ಖೋಲಿಯ ಹಿಂದೆ. ದಿನಕ್ಕೆ ಎರಡೋ ಮೂರೋ ಎಂದು ನಾನು ತಿಳಿದಿದ್ದೆ. ಒಂದು ಕಟ್ಟು ಎಂದು ಆಮೇಲೆ ಗೊತ್ತಾಯಿತು. ಸೇದಿ ಬಂದವರು ಬಾಯಲ್ಲಿ ಜ್ಯೇಷ್ಠಮಧುವಿನ ಚೂರು, ಒಂದು ಲವಂಗ ಇಟ್ಟುಕೊಂಡು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು.

ನಾನು ಮೊದಲ ಸಲ ಕಂಡಾಗ ಮುಖ ಬೇರೆ ಕಡೆ ತಿರುಗಿಸಿದ್ದೆ. ನಮ್ಮದು ಜೈನರ ಮನೆ, ಯಾರೂ ಬೀಡಿ ಮುಟ್ಟುವವರಲ್ಲ. ಆದರೆ ನಮ್ಮ ಹೊಲದ ತುಂಬ ತಂಬಾಕೇ ಇರುತ್ತಿತ್ತು. ನನ್ನ ಫೀಯನ್ನು ಅಪ್ಪ ಕಟ್ಟಿದ್ದು ಅದರಿಂದಲೇ.

ಎರಡು ವರ್ಷದ ಮೇಲೆ ಅವರ ದನಿ ಬದಲಾಗತೊಡಗಿತು. ಮೊದಮೊದಲು ನೆಗಡಿ ಎಂದರು. ಮುಂಜಾನೆ ದನಿ ಬಿಡುತ್ತಲೇ ಇರಲಿಲ್ಲ, ಬಿಸಿನೀರು ಕುಡಿದ ಮೇಲೆ ಅಷ್ಟಿಷ್ಟು ಬರುತ್ತಿತ್ತು. ಆಮೇಲೆ ಅದು ಇಳಿಯುತ್ತಾ ಹೋಯಿತು. ಗೊಗ್ಗರಾಯಿತು, ದಪ್ಪವಾಯಿತು. ಎದುರಿಗೆ ಕೂತ ನಮಗೆ ಅದು ಅಷ್ಟು ತಿಳಿಯುತ್ತಿರಲಿಲ್ಲ. ಮುಖ ಕಾಣುತ್ತಿದ್ದರೆ ಕಿವಿ ಸುಧಾರಿಸಿಕೊಳ್ಳುತ್ತದೆ. ಆದರೆ ಲೈನಿನ ಆ ತುದಿಯಲ್ಲಿ ಇದ್ದವರಿಗೆ ಮುಖವೆಲ್ಲಿದೆ? “ಅಣ್ಣಾ, ಚಿಕ್ಕೋಡಿ ಹಚ್ಚಿ ಕೊಡ್ರಿ” ಎಂದು ಒಬ್ಬರು, “ಭಾವೂ, ಸಾಂಗಲಿ ಲೈನ್ ಸಿಕ್ತೇನ್ರಿ” ಎಂದು ಇನ್ನೊಬ್ಬರು. ಅಕ್ಕಾವ್ರು ತಿದ್ದಲು ಹೋಗುತ್ತಿರಲಿಲ್ಲ.

ಒಂದು ದಿನ ಉಗಾರದಿಂದ ಅವರ ಗಂಡನ ಫೋನು ಬಂತು. ಮನೆಯಲ್ಲಿ ಫೋನು ಇರಲಿಲ್ಲವಾದ್ದರಿಂದ ಅವರು ಏನಾದರೂ ಹೇಳುವುದಿದ್ದರೆ ಬೋರ್ಡಿಗೇ ಹಚ್ಚುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಅಕ್ಕಾವ್ರು ಲೈನ್ ತೆಗೆದುಕೊಂಡರು, ಒಂದು ಕ್ಷಣ ಕೇಳಿದರು, ಅವರ ಕೈ ಬೋರ್ಡಿನ ಮೇಲೆ ಹಾಗೇ ನಿಂತಿತು. ಆಮೇಲೆ, “ಅವರು ಹೊರಗ ಹೋಗ್ಯಾರ್ರಿ” ಎಂದು ವೈರು ಕಿತ್ತರು.

“ಯಾರ್ರಿ ಅಕ್ಕಾರ?” ಎಂದೆ.

“ನಮ್ಮ ಮನಿಯವರು. ‘ಅಣ್ಣಾ, ಬಾಯಿಯವರನ್ನ ಜರಾ ಕರೀರಿ’ ಅಂದ್ರು.” ನಗಲು ಹೋದರು, ನಗು ಕೆಮ್ಮಾಯಿತು. “ನಾನ ಅಂತ ಹ್ಯಾಂಗ ಹೇಳಲಿ ಹೇಳು. ಲಗ್ನ ಆಗಿ ಹನ್ನೊಂದ ವರ್ಷ ಆತು.”

ಅವತ್ತಿನಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಮಾತೆಲ್ಲ ನನ್ನದು, ಅವರು ಟ್ರಂಕ್ ಕಾಲ್‌ಗಳ ಟಿಕೆಟ್ ಬರೆಯುವುದು, ಸಮಯ ನೋಡುವುದು, ವೈರು ಬದಲಿಸುವುದು. ನಾಲ್ಕು ತಿಂಗಳು ಹೀಗೆ ನಡೆಯಿತು. ಸುಪರ್‌ವೈಸರ್ ಸಾಹೇಬರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ. ಡಾಕ್ಟರಿಗೆ ತೋರಿಸಿ ಎಂದು ನಾನು ದಿನಾ ಹೇಳುತ್ತಿದ್ದೆ. ಅವರ ಸೋದರಮಾವ ಗಂಟಲು ಕ್ಯಾನ್ಸರಿನಿಂದ ಹೋಗಿದ್ದರು. ಡಾಕ್ಟರರ ಬಾಯಲ್ಲಿ ಆ ಹೆಸರು ಕೇಳಲು ಅವರಿಗೆ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ನನ್ನ ಲಗ್ನ ಗೊತ್ತಾಯಿತು. ಸಾಖರಪುಡಾ ಎಂದು, ಅಂದರೆ ನಿಶ್ಚಯದ ಶಾಸ್ತ್ರಕ್ಕೆ, ನಾನು ಎಂಟು ದಿನ ರಜೆ ಹಾಕಿದೆ. ಆ ಎಂಟು ದಿನ ಅಕ್ಕಾವ್ರು ಒಬ್ಬರೇ ಬೋರ್ಡಿಗೆ ಕೂತರು.

ನಾನು ತಿರುಗಿ ಬಂದಾಗ ಎಕ್ಸ್‌ಚೇಂಜಿನ ಗಾಳಿಯೇ ಬೇರೆಯಾಗಿತ್ತು. ಒಬ್ಬ ತಂಬಾಕು ವ್ಯಾಪಾರಿ ಬೆಳಗಾವಿಯ ಮೇಲಿನ ಕಚೇರಿಗೆ ಅರ್ಜಿ ಬರೆದಿದ್ದರು. ಹೆಣ್ಣುಮಕ್ಕಳ ಪಾಳಿಯಲ್ಲಿ ಹೊರಗಿನ ಗಂಡಸೊಬ್ಬ ಬೋರ್ಡಿಗೆ ಕೂಡುತ್ತಾನೆ, ನಮ್ಮ ದರದ ಮಾತೆಲ್ಲ ಕೇಳಿಸಿಕೊಂಡು ಬೇರೆಯವರಿಗೆ ಮುಟ್ಟಿಸುತ್ತಾನೆ, ಆಪರೇಟರ್ ಬಾಯಿಯೇ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾಳೆ ಎಂದು. ಅರ್ಜಿ ಬೆಳಗಾವಿ ಮುಟ್ಟುವ ಮೊದಲೇ ಮಾತು ಊರು ಮುಟ್ಟಿತ್ತು. ಪಗಾರದ ಹೆಣ್ಣು, ಗಂಡ ಪರ ಊರಲ್ಲಿ... ಉಳಿದದ್ದನ್ನು ಜನ ತಾವೇ ತುಂಬಿಕೊಂಡರು. ಉಗಾರದಲ್ಲಿ ಗಂಡನ ಕಿವಿಗೂ ಬಿತ್ತು. ಅವರಂತೂ ಆ ಗಂಡಸಿನ ದನಿಯನ್ನು ತಾವೇ ಕೇಳಿದ್ದರು! ‘ಅವರು ಹೊರಗ ಹೋಗ್ಯಾರ್ರಿ’ ಎಂದವನು ಅವನೇ ಅಲ್ಲವೆ?

ವಿಚಾರಣೆಯ ದಿನ ಬೆಳಗಾವಿಯಿಂದ ಒಬ್ಬ ಅಧಿಕಾರಿ ಬಂದರು. ವಯಸ್ಸಾದವರು, ಸಾವಕಾಶವಾಗಿ ಮಾತಾಡುವವರು. ಅರ್ಜಿ ಬರೆದ ಸಾವಕಾರರು ಸುಪರ್‌ವೈಸರ್ ಖೋಲಿಯಲ್ಲಿ ಕೂತಿದ್ದರು. ಅಕ್ಕಾವ್ರ ಗಂಡ ಉಗಾರದಿಂದ ಬಂದು ಹೊರಗೆ ಪಡಸಾಲೆಯ ಬೆಂಚಿನ ಮೇಲೆ, ಯಾರ ಕಡೆಗೂ ನೋಡದೆ ಕೂತಿದ್ದರು. ಅಧಿಕಾರಿ ಮೊದಲು ನನ್ನನ್ನು ಒಳಗೆ ಕರೆದರು.

“ಅಲ್ಲೆ ಯಾರ ಗಂಡಸರು ಬಂದ ಕೂಡತಾರವಾ?”

“ಇಲ್ಲರಿ.”

“ಮತ್ತ ಇವರೆಲ್ಲಾ ಕೇಳಿದ್ದ ದನಿ ಯಾರದು?”

ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲಗೆಯ ಮೇಲೇ ಇತ್ತು. ಆದರೆ ಅದನ್ನು ಹೇಳಿದರೆ ಬೀಡಿಯ ಮಾತು ಬರುತ್ತದೆ, ನಾಲ್ಕು ತಿಂಗಳು ನಾನು ಮುಚ್ಚಿಟ್ಟ ಮಾತು ಬರುತ್ತದೆ, ಗೊತ್ತಾದ ಲಗ್ನದ ಮನೆಯವರ ಕಿವಿಗೆ ಅದು ಹೋಗುತ್ತದೆ... “ನನಗ ಗೊತ್ತಿಲ್ಲರಿ” ಎಂದೆ. ಅಕ್ಕಾವ್ರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅವರು ಒಳಗೆ ಬಂದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು, ಪಿಸುಮಾತಿನಲ್ಲಿ, “ಸಾಹೇಬ್ರ, ನಾ ಬೋರ್ಡಿಗಿ ಕೂಡತೀನಿ. ಬಾಗಲಾ ಹಾಕ್ಕೊಂಡು ಸಾವಕಾರರ ಕೈಯಾಗ ಫೋನ್ ಕೊಡ್ರಿ” ಎಂದರು.

ಅಧಿಕಾರಿಗಳಿಗೆ ಅರ್ಥವಾಗಲಿಲ್ಲ, ಆದರೂ ಒಪ್ಪಿದರು. ನಡುವಿನ ಬಾಗಿಲು ಹಾಕಿದರು. ಬೋರ್ಡಿನ ಮುಂದೆ ನಾವಿಬ್ಬರೇ. ಅಕ್ಕಾವ್ರು ಹೆಡ್‌ಫೋನ್ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಸುಪರ್‌ವೈಸರ್ ಖೋಲಿಯ ದೀಪ ಹೊತ್ತಿತು. ಅವರು ವೈರು ಚುಚ್ಚಿದರು. ಏನೂ ಮರೆಸದೆ, ಏನೂ ಸಣ್ಣ ಮಾಡದೆ, ಇದ್ದ ದನಿಯಲ್ಲಿ ಹೇಳಿದರು.

“ನಂಬರ್ ಪ್ಲೀಸ್.”

ಬಾಗಿಲಿನ ಆಚೆ ಸಾವಕಾರರು ಚೀರಿದ್ದು ನಮಗೆ ಲೈನಿಲ್ಲದೆಯೇ ಕೇಳಿಸಿತು. “ಇವನ ರಿ! ಇದ ದನಿ! ಹಿಡೀರಿ ಅವನ್ನ!”

ಬಾಗಿಲು ಧಡಕ್ಕನೆ ತೆರೆಯಿತು. ಅಧಿಕಾರಿ ಮುಂದೆ, ಸಾವಕಾರರು ಹಿಂದೆ, ಅವರ ಹಿಂದೆ ಪಡಸಾಲೆಯಿಂದ ಓಡಿ ಬಂದ ಗಂಡ. ಖೋಲಿಯ ನಾಲ್ಕೂ ಮೂಲೆ ನೋಡಿದರು. ಅಲ್ಲಿ ಬೋರ್ಡಿತ್ತು, ಎರಡು ಸ್ಟೂಲುಗಳಿದ್ದವು, ಇಬ್ಬರು ಹೆಂಗಸರಿದ್ದರು. ಅಕ್ಕಾವ್ರು ಹೆಡ್‌ಫೋನ್ ತೆಗೆಯದೆ ಹಾಗೇ ತಿರುಗಿ ಇನ್ನೊಂದು ಸಲ ಎಂದರು, “ನಂಬರ್ ಪ್ಲೀಸ್, ಸಾವಕಾರ್ರ.”

ಸಾವಕಾರರ ಮುಖ ಇಳಿದುಹೋಗಿತ್ತು. ಅವರು ಕೆಟ್ಟವರಾಗಿರಲಿಲ್ಲ, ಕೈ ಮುಗಿದರು. ಅಧಿಕಾರಿಗಳು ಮೆತ್ತಗೆ ಕೇಳಿದರು, “ದನಿಗೆ ಏನಾತವಾ?”

ನೆಗಡಿ ಎಂದರೆ ಅವರು ನಂಬಿಬಿಡುತ್ತಿದ್ದರು. ಬರೆದುಕೊಳ್ಳಲು ಪೆನ್ನು ತೆಗೆದಿದ್ದರು. ಅಕ್ಕಾವ್ರು ಗಂಡನ ಕಡೆ ನೋಡಿದರು, ಅಧಿಕಾರಿಯ ಕಡೆ ಅಲ್ಲ.

“ಬೀಡಿ ಸೇದತೀನ್ರಿ. ಸಣ್ಣಾಕಿ ಇದ್ದಾಗಿಂದ. ಇಲ್ಲದ ಗಂಡಸಿನ ಹೆಸರ ಹೊತ್ಕೊಂಡ ತಿರಗೂದಕಿಂತ ಇದ್ದ ಬೀಡಿ ಒಪ್ಕೊಳ್ಳೂದು ಚಲೋ.”

ಗಂಡ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮನೆಗೂ ಹೋಗದೆ ಉಗಾರದ ಬಸ್ಸು ಹತ್ತಿದರಂತೆ. ಅಧಿಕಾರಿಗಳು ಕಾಗದದಲ್ಲಿ ‘ಗಂಟಲಿನ ಕಾಯಿಲೆ’ ಎಂದಷ್ಟೇ ಬರೆದರು. ಡಾಕ್ಟರರ ಚೀಟಿ ತರಬೇಕು, ಅಲ್ಲಿಯವರೆಗೆ ಬೋರ್ಡಿಗೆ ಕೂಡುವ ಹಾಗಿಲ್ಲ ಎಂದರು.

ಅತ್ತೆ ಏನೆನ್ನುತ್ತಾರೋ ಎಂದು ನನಗೇ ನಡುಕವಿತ್ತು. ಆ ಮುದುಕಿ ಹುರಿದ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ತಿಕ್ಕಿಕೊಳ್ಳುತ್ತಾ ಕೂತಿದ್ದವರು ಎಲ್ಲವನ್ನೂ ಕೇಳಿಸಿಕೊಂಡು ಉಗುಳಿ ಬಂದು, “ಗಂಡಸ ಇಲ್ಲಂದ್ರ ಸಾಕು ಬಿಡು. ಬೀಡಿ ಏನು, ನಾ ಬಾಯಾಗ ಇಟ್ಕೊಂಡಿದ್ದ ತುಳಸಿ ಎಲಿ ಏನು?” ಎಂದರಂತೆ. ಅಕ್ಕಾವ್ರು ಅದನ್ನು ಹೇಳಿ, ಆ ದಿನಗಳಲ್ಲಿ ಒಂದೇ ಸಲ ನಕ್ಕರು.

ಮಿರಜಿನ ಆಸ್ಪತ್ರೆಗೆ ಅವರ ಜೊತೆ ನಾನು ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು, ಮಡಿಲಲ್ಲಿ ಟಿಫಿನ್ ಡಬ್ಬಿ. ಕಾಗವಾಡ ದಾಟಿದ ಮೇಲೆ ನಾನು ತಡೆಯಲಾರದೆ, “ತಪ್ಪ ಮಾಡಿದ್ನಿರಿ ಅಕ್ಕಾರ. ಗೊತ್ತಿಲ್ಲ ಅನ್ನಬಾರದಾಗಿತ್ತು” ಎಂದೆ. ಅವರು ಮಡಿಲಿನ ಡಬ್ಬಿಯನ್ನು ಸರಿಮಾಡಿಕೊಂಡರು.

“ನಾನಾಗಿದ್ರ ಹಂಗ ಅಂತಿದ್ದಿಲ್ಲ,” ಎಂದರು. “ಆದ್ರ ನಿನ್ನ ಮ್ಯಾಲ ಸಿಟ್ಟಿಲ್ಲವಾ. ಸಿಟ್ಟ ಮಾಡಾಕ ಪುರಸತ್ತ ಇಲ್ಲ. ನನಗ ಈಗ ಒಂದ ಅಂಜಿಕಿ ಐತಿ.”

ಡಾಕ್ಟರರು ಮರಾಠಿಯವರು. ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ಅಕ್ಕಾವ್ರ ನಾಲಗೆಯನ್ನು ಬಟ್ಟೆಯಿಂದ ಹಿಡಿದೆಳೆದು, “ಈ...” ಅನ್ನಿ ಎಂದರು. ಮೂರು ಸಲ ನೋಡಿದರು. ನಾನು ಗೋಡೆಗೆ ಒರಗಿ ನಮ್ಮ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಅವರು ಕನ್ನಡಿ ಕೆಳಗಿಟ್ಟು, “ಘಾಬರೂ ನಕಾ, ಹೆದರಬ್ಯಾಡ್ರಿ. ಕ್ಯಾನ್ಸರ್ ಅಲ್ಲ” ಎಂದರು.

ಅಕ್ಕಾವ್ರು ಅದೇ ಮಾತನ್ನು ಅವರಿಂದ ಇನ್ನೊಂದು ಸಲ ಹೇಳಿಸಿದರು.

ಡಾಕ್ಟರರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಗಂಟಲೊಳಗೆ ದನಿ ಹೊರಡಿಸುವ ಎರಡು ತೆಳು ಪಟ್ಟಿಗಳಿರುತ್ತವೆ, ಬೀಡಿಯ ಹೊಗೆ ವರ್ಷಗಟ್ಟಲೆ ಬಡಿದು ಅವುಗಳ ಪದರದೊಳಗೆ ನೀರಿನಂಥದ್ದು ತುಂಬಿಕೊಂಡಿದೆ, ನೆನೆಸಿದ ಸಾಬುದಾಣಿಯ ಹಾಗೆ ಉಬ್ಬಿವೆ, ಪಟ್ಟಿ ದಪ್ಪವಾದರೆ ದನಿಯೂ ದಪ್ಪ ಎಂದರು. ಗಂಡಸರಿಗೂ ಇದು ಆಗುತ್ತದೆ, ಆದರೆ ಗಂಡಸಿನ ದನಿ ಇಳಿದರೆ ಯಾರೂ ಲಕ್ಷ್ಯ ಕೊಡುವುದಿಲ್ಲ. ಹೆಂಗಸರಿಗಾದಾಗ ಮಾತ್ರ ಊರೆಲ್ಲ ಕೇಳುತ್ತದೆ ಎಂದೂ ಹೇಳಿದರು. ಬೀಡಿ ಬಿಟ್ಟರೆ ಬಾವು ಇಳಿಯಬಹುದು. ಬಿಡದೆ ಆಪರೇಷನ್ ಮಾಡಿಸಿಕೊಂಡರೆ ಮತ್ತೆ ತುಂಬುತ್ತದೆ. ಬಿಟ್ಟರೂ ದನಿ ಪೂರ್ತಿ ಮೊದಲಿನಂತೆ ಆಗುತ್ತದೆಂದು ಮಾತು ಕೊಡಲಾರೆ... ಈ ಸಲ ಇದು ಬರೀ ಬಾವು, ಮುಂದೆ ಸೇದುತ್ತಲೇ ಹೋದರೆ ಬೇರೆ ಏನಾದರೂ ಆದೀತು, ತೋರಿಸುತ್ತಾ ಇರಿ ಎಂದರು.

ಅಕ್ಕಾವ್ರು ಬಿಟ್ಟರು. ಹೇಳಿದಷ್ಟು ಸುಲಭವಾಗಿ ಅಲ್ಲ. ಅವರನ್ನು ಕಂಪ್ಲೇಂಟ್ ಬರೆದುಕೊಳ್ಳುವ ಮೇಜಿಗೆ ಹಾಕಿದ್ದರು. ಯಾರ ಮೇಲೋ ರೇಗುತ್ತಿದ್ದರು, ಆಮೇಲೆ ಅಳುತ್ತಿದ್ದರು. ಎರಡು ಸಲ ಜಾರಿದರು. ಎರಡನೆಯ ಸಲ ನಾನೇ ನೋಡಿದೆ, ಇಂಜಿನ್ ಖೋಲಿಯ ಹಿಂದೆ. ಅರ್ಧ ಸೇದಿದ್ದನ್ನು ಗೋಡೆಗೆ ಒತ್ತಿ, “ನೀ ಯಾಕ ಬಂದಿ?” ಎಂದು ಬೈದರು. ಆ ಊರಿನ ಗಾಳಿಯಲ್ಲೇ ತಂಬಾಕು. ಒಣ ಹಾಕಿದ ದಿನಗಳಲ್ಲಿ ಉಸಿರೆಳೆದರೆ ಸಾಕು, ಮೂಗಿಗೆ ಅದೇ. ಅದರ ನಡುವೆ ಇದ್ದು ಬಿಡಬೇಕಿತ್ತು.

ಗಂಡ ಮೂರು ತಿಂಗಳು ಮನೆಗೆ ಬರಲಿಲ್ಲ. ಬಂದಾಗ ಮಿರಜಿಗೆ ಎರಡನೇ ಸಲ ತೋರಿಸಲು ಅವರೇ ಕರೆದುಕೊಂಡು ಹೋದರು. ಡಾಕ್ಟರರು ಗಂಡನ ಕಿಸೆಯಲ್ಲಿದ್ದ ಬೀಡಿ ಕಟ್ಟಿನ ಕಡೆ ನೋಡಿ, “ನೀವೂ ಬಿಡ್ರಿ” ಎಂದರಂತೆ. ಅವರಿಂದ ಆಗಲಿಲ್ಲ. ಆದರೆ ಅವತ್ತಿನಿಂದ ಮನೆಯೊಳಗೆ ಬೀಡಿ ಹಚ್ಚಲಿಲ್ಲ, ಓಣಿಯ ತುದಿಗೆ ಹೋಗಿ ಸೇದಿ ಬರುತ್ತಿದ್ದರು. ‘ಅಣ್ಣಾ’ ಎಂದ ಮಾತನ್ನು ಗಂಡ ಹೆಂಡತಿ ಯಾವತ್ತೂ ಎತ್ತಲಿಲ್ಲ ಎಂದು ಅಕ್ಕಾವ್ರು ಹೇಳಿದ್ದರು.

ಒಂದು ವರ್ಷದ ಸುಮಾರಿಗೆ ಅವರನ್ನು ಮತ್ತೆ ಬೋರ್ಡಿಗೆ ಕೂಡಿಸಿದರು. ದನಿ ಅಷ್ಟಿಷ್ಟು ಮೇಲೆ ಬಂದಿತ್ತು. ಹೆಣ್ಣಿನದೆಂದು ಹೇಳಬಹುದು, ಹೇಳದೆಯೂ ಇರಬಹುದು, ಅಂಥದ್ದು. ಮೊದಲ ದಿನ ಭೋಜದ ಕಡೆಯ ಯಾವುದೋ ಮುದುಕಿ ಯಾರದೋ ಅಂಗಡಿಯ ಫೋನಿನಿಂದ ಮಾತಾಡಿತು. ಅಕ್ಕಾವ್ರು “ನಂಬರ್ ಪ್ಲೀಸ್” ಎಂದರು. ಆ ಮುದುಕಿಗೆ ನಂಬರ್ ಎಂದರೇನೆಂದೇ ತಿಳಿಯದು. “ಯವ್ವಾ, ನನ್ನ ಮಗಾ ಕೊಲ್ಲಾಪುರದಾಗ ಅದಾನ, ಅವಗ ಹಚ್ಚಿ ಕೊಡ ನಮ್ಮವ್ವಾ” ಎಂದಿತು. ಯವ್ವಾ! ಅಕ್ಕಾವ್ರು ಆ ಲೈನನ್ನು ನನಗೆ ಒಪ್ಪಿಸಿ, ಹೆಡ್‌ಫೋನ್ ತೆಗೆದಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಮೇಲೆ ನನ್ನ ಲಗ್ನವಾಯಿತು, ಅಥಣಿಗೆ ಬದಲಿಯಾಯಿತು. ಕೆಲವು ವರ್ಷಕ್ಕೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಜನ ತಾವೇ ನಂಬರ್ ತಿರುಗಿಸಲು ಕಲಿತರು. ಬೋರ್ಡನ್ನು ಬಿಚ್ಚಿ ಲಾರಿಗೆ ಹೇರಿದರು ಎಂದು ಅಕ್ಕಾವ್ರು ಪತ್ರ ಬರೆದಿದ್ದರು. ಅಷ್ಟು ಕಷ್ಟಪಟ್ಟು ತಿರುಗಿ ಪಡೆದ ಅಷ್ಟು ದನಿ, ಅದನ್ನು ಬೇಡುವ ಕೆಲಸವೇ ಇಲ್ಲದಂತಾಯಿತು. ಆದರೂ ಅವರು ಮತ್ತೆ ಬೀಡಿ ಮುಟ್ಟಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡರು. ಗಂಟಲಿನಿಂದಲ್ಲ, ಎದೆಯಿಂದ, ಒಂದು ಮುಂಜಾನೆ ಚಹಾ ಕುದಿಸುತ್ತಾ ನಿಂತಲ್ಲೇ. ಸುದ್ದಿ ನನಗೆ ತಲುಪಿದ್ದು ಒಂದು ತಿಂಗಳ ಮೇಲೆ. ಜೀವಮಾನವಿಡೀ ಊರಿನ ಸಾವು-ಹುಟ್ಟಿನ ಸುದ್ದಿ ದಾಟಿಸಿದವರ ಸುದ್ದಿಯನ್ನು ನನಗೆ ದಾಟಿಸುವವರು ಯಾರೂ ಇರಲಿಲ್ಲ...

ಇದನ್ನು ಬರೆಯುವ ಮೊದಲು ಅವರ ಮಗಳನ್ನು ಕೇಳಬೇಕೆನಿಸಿತು. ಈಗ ಆಕೆ ರಾಯಬಾಗದಲ್ಲಿ ಶಿಕ್ಷಕಿ. ಫೋನು ಹಚ್ಚಿದೆ. ಎಲ್ಲ ಕೇಳಿ, “ಬರೀರಿ ಮಾವಶಿ, ಹೆಸರ ಒಂದ ಬ್ಯಾಡ” ಎಂದಳು. ಸ್ವಲ್ಪ ತಡೆದು ಕೇಳಿದಳು, “ಅವ್ವನ ಮೊದಲಿನ ದನಿ ಹ್ಯಾಂಗಿತ್ರಿ? ನಾ ಸಣ್ಣಾಕಿ ಇದ್ನಿ, ನೆನಪ ಇಲ್ಲ. ತಮ್ಮಗಂತೂ ಗೊತ್ತ ಇಲ್ಲ. ನಮಗ ಅವ್ವ ಅಂದ್ರ ಆ ದಪ್ಪ ದನಿನ.”

ಹೇಳಲು ಬಾಯಿ ತೆರೆದೆ. ಎರಡು ವರ್ಷ ಪಕ್ಕದ ಸ್ಟೂಲಿನಲ್ಲಿ ಕೂತು ದಿನಾ ಕೇಳಿದ ದನಿ. ಕಣ್ಣು ಮುಚ್ಚಿಕೊಂಡೆ. ಅವರ ಕೈ ಕಂಡಿತು, ಹಸಿರು ಬಳೆ ಕಂಡವು, ವೈರು ಚುಚ್ಚುವ ರೀತಿ ಕಂಡಿತು. ದನಿ ಬರಲಿಲ್ಲ. ಎಷ್ಟು ಕಾದರೂ ಕಿವಿಗೆ ಬಂದದ್ದು ಮಿರಜಿನ ಬಸ್ಸಿನಲ್ಲಿ ಮಾತಾಡಿದ ಆ ಗೊಗ್ಗರು ದನಿಯೇ.

“ಭಾಳ ಚಲೋ ಇತ್ತವಾ” ಎಂದೆ.

ನಾನು ಇನ್ನೂ ಏನಾದರೂ ಹೇಳಬಹುದೆಂದು ಅವಳು ಆ ಕಡೆ ಕಾಯುತ್ತಿದ್ದಳು.